ಲಿಂಗರಾಜ ಸೇಠನ ಹನ್ನೊಂದು ಮನೆ

ಸತ್ತವರನ್ನು ಹೊಗಳುತ್ತಾರೆಂದು ಮಂದಾಕಿನಿಗೆ ಗೊತ್ತಿತ್ತು. ಆದರೆ ತನ್ನ ಗಂಡ ಒಂದೇ ತಿಂಗಳಲ್ಲಿ ಇಷ್ಟು ದೊಡ್ಡ ಮನುಷ್ಯನಾಗಿಬಿಡುತ್ತಾನೆಂದು ಅವಳು ಎಣಿಸಿರಲಿಲ್ಲ. ಬದುಕಿದ್ದಾಗ ಲಿಂಗರಾಜ ಬರೀ ಬಿಲ್ಡರ್. ಸಿಮೆಂಟಿನ ಧೂಳು ಹತ್ತಿದ ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗುವವನು, ಊಟದ ತಟ್ಟೆಯ ಪಕ್ಕದಲ್ಲಿ ಅಳತೆಯ ಟೇಪು ಇಟ್ಟುಕೊಂಡು ಕೂರುವವನು. ಸತ್ತ ಮೇಲೆ ನೋಡಿದರೆ ಧರ್ಮನಿಷ್ಠ, ಕುಟುಂಬವತ್ಸಲ, ಗುಜರಾತಿನ ನೆಲದಲ್ಲಿ ಕನ್ನಡದ ಕಂಬ. ಈ ಬಿರುದುಗಳನ್ನೆಲ್ಲ ದಯಪಾಲಿಸಿದವರು ವಡೋದರದ ಕನ್ನಡ ಸಂಘದ ಕಾರ್ಯದರ್ಶಿ ಜನಾರ್ದನ. ವಿಮಾ ಕಚೇರಿಯಿಂದ ನಿವೃತ್ತರಾದ ಮೈಸೂರು ಕಡೆಯವರು. ಭಾನುವಾರದ ನುಡಿನಮನಕ್ಕೆಂದು ಆರು ಪುಟ ಬರೆದುಕೊಂಡು ಮಂಜಲ್‌ಪುರದ ಅವಳ ಮನೆಗೆ ಬಂದು, ಫ್ಯಾನಿನ ಕೆಳಗೆ ಕೂತು ಗಟ್ಟಿಯಾಗಿ ಓದುತ್ತಿದ್ದರು.

“‘ಶ್ರೀಯುತರು ಬರೀ ಗೋಡೆಗಳನ್ನು ಕಟ್ಟಿದವರಲ್ಲ, ಬದುಕುಗಳನ್ನು ಕಟ್ಟಿದವರು. ತಾವು ಕಟ್ಟಿದ ಮನೆಯಲ್ಲಿ ಮಡದಿ ಮಕ್ಕಳೊಂದಿಗೆ ಒಂದು ಮಳೆಗಾಲ ತಾವೇ ವಾಸಿಸಿ, ಹನಿಯೂ ಸೋರದೆಂದು ಖಾತ್ರಿಯಾದ ಮೇಲಷ್ಟೇ ಮಾರುತ್ತಿದ್ದ ಮಹಾನುಭಾವರು. ಕುಟುಂಬವೇ ಅವರ ಉಸಿರಾಗಿತ್ತು...’”

“ಭಾಳ ಚಂದ ಬರದೀರಿ, ಸರ,” ಎಂದಳು ಮಂದಾಕಿನಿ. “ಯಾರ ಬಗ್ಗೆ ಇದು?”

ಜನಾರ್ದನರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ದುಃಖದಲ್ಲಿ ಹೆಂಗಸರು ಏನೇನೋ ಮಾತಾಡುತ್ತಾರೆ ಎಂದುಕೊಂಡರೋ ಏನೋ, ಮೆತ್ತಗೆ ನಕ್ಕರು.

“ನಿಮ್ಮ ಯಜಮಾನ್ರ ಬಗ್ಗೇನೇ ತಾಯಿ. ಭಾನುವಾರ ನೀವೂ ಎರಡು ಮಾತಾಡಿ. ಧರ್ಮಪತ್ನಿ ಬಾಯಿಂದ ಬಂದ್ರೆ ಅದರ ತೂಕವೇ ಬೇರೆ.”

ಅವಳು ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದಳು. ಅವಳ ತಲೆಯಲ್ಲಿದ್ದದ್ದು ಲೇಖನವಲ್ಲ, ಮನೆ. ಹಿಂದಿನ ದಿನ ಮಗ ಅಮೋಘ್ ಅಹಮದಾಬಾದಿನಿಂದ ಬಂದವನು ನಿಂತ ಕಾಲಲ್ಲೇ ಹೇಳಿದ್ದ: ಈ ಮಂಜಲ್‌ಪುರದ ಫ್ಲ್ಯಾಟಿಗೆ ಪಾರ್ಟಿ ಸಿಕ್ಕಿದ್ದಾರೆ, ಮೇ ತಿಂಗಳಲ್ಲಿ ಬಿಟ್ಟುಕೊಡಬೇಕು. ಸೂರತ್ತಿನಲ್ಲಿ ಹಜೀರಾ ರಸ್ತೆಗೆ ಪಪ್ಪ ಶುರು ಮಾಡಿದ್ದ ಕಟ್ಟಡದ ಕೊನೆಯ ಸ್ಲ್ಯಾಬ್ ಆಗಿದೆ, ಮಳೆಗೆ ಮೊದಲು ಅದರ ಕೆಳಗಿನ ಕೊನೆಯ ಮಹಡಿಗೆ ಮಮ್ಮಿ ಹೋಗಬೇಕು.

“ಕಸ್ಟಮರ್ ಎಲ್ಲಾ ಕೇಳ್ತಾರೆ ಮಮ್ಮಿ, ‘ಈ ಸಲ ಫ್ಯಾಮಿಲಿ ಇರ್ತದಾ ಇಲ್ಲಾ?’ ಅಂತ. ಎರಡ್ ಮಳೆಗಾಲ, ಬಸ್. ಚಿಂತಾ ನಾ ಕರೋ.”

ಅರವತ್ತೊಂದನೆಯ ವಯಸ್ಸಿನಲ್ಲಿ ಹನ್ನೆರಡನೆಯ ಸೋರುವ ಮನೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು, ಬಿಟ್ಟು ಹೋಗಬೇಕಿಲ್ಲದ ಮನೆ. ಊರಿಗೆಲ್ಲ ಮನೆ ಕಟ್ಟಿಕೊಟ್ಟವನ ಹೆಂಡತಿ ಅದನ್ನು ಕೇಳಿಕೊಂಡೇ ಮುದುಕಿಯಾಗಿದ್ದಳು. ಈಗ ಮಗನೂ ಅಪ್ಪನ ಹಾಗೆಯೇ, ಕೇಳುವುದಿಲ್ಲ, ಹೇಳುತ್ತಾನೆ.

ಲಿಂಗರಾಜ ಹುಟ್ಟಿದ್ದು ನರಗುಂದದ ಹತ್ತಿರದ ಹಳ್ಳಿಯ ಗೌಂಡಿಗಳ ಮನೆತನದಲ್ಲಿ. ಅವನಪ್ಪ ಊರಿನ ಅರ್ಧ ಮನೆಗಳಿಗೆ ಮಣ್ಣಿನ ಮಾಳಿಗೆ ಹಾಕಿದವನು. ಮಗ ಗದಗಿನಲ್ಲಿ ಡಿಪ್ಲೊಮಾ ಮುಗಿಸಿ, ಯಾವನೋ ಗುತ್ತಿಗೆದಾರನ ಬೆನ್ನು ಹತ್ತಿ ಹಜೀರಾಕ್ಕೆ ಬಂದ. ಆಗ ಅಲ್ಲಿ ಕಂಪನಿ ಕಾಲೊನಿಗಳು ಏಳುತ್ತಿದ್ದವು. ಸೂಪರ್‌ವೈಸರ್ ಎಂದು ಹೇಳಿಕೊಂಡು ಮದುವೆಯಾದ. ಗದಗಿನ ಮಾಸ್ತರರ ಮಗಳು ಮಂದಾಕಿನಿ ಹೊಸ ಸೀರೆ, ಎರಡು ಟ್ರಂಕು ಹೊತ್ತು ಬಂದಿಳಿದದ್ದು ತಗಡಿನ ಶೆಡ್ಡಿಗೆ. ಕಾಲೊನಿಯ ಮುನ್ನೂರು ಮನೆಗಳಿಗೆ ಗಿಲಾವು ಮಾಡಿಸುತ್ತಿದ್ದ ಮಹಾರಾಯನಿಗೆ ಅದರಲ್ಲಿ ಒಂದು ಖೋಲಿಯೂ ಇರಲಿಲ್ಲ.

“ನಂದ ಸ್ವಂತ ಕೆಲಸ ಸುರು ಆಗ್ಲಿ ತಡಿ,” ಎನ್ನುತ್ತಿದ್ದ. “ನಿನ್ನ ಅರಮನ್ಯಾಗ ಇಡ್ತೀನಿ.”

ಸ್ವಂತ ಕೆಲಸವೂ ಶುರುವಾಯಿತು. ತೊಂಬತ್ತೆರಡರಲ್ಲಿ ಮಂಜಲ್‌ಪುರದಲ್ಲಿ ಸಾಲಾಗಿ ಆರು ಮನೆ ಕಟ್ಟಿದ. ಕೊಳ್ಳುವವರಿಲ್ಲ. ಈ ಮದ್ರಾಸಿಯನ್ನು ನಂಬುವುದು ಹೇಗೆ ಎಂದು ಜನ ನೋಡಿಕೊಂಡು ಹೋಗುತ್ತಿದ್ದರು. ಕರ್ನಾಟಕದವನು ಎಂದು ತಿದ್ದಿ ತಿದ್ದಿ ಅವನ ಬಾಯಿ ಒಣಗಿತು. ಒಬ್ಬ ಕಿರಾಣಿ ಅಂಗಡಿಯವನು ಕೊನೆಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ: “ಅಷ್ಟು ಗಟ್ಟಿ ಮನೆ ಆದ್ರೆ ನಿಮ್ಮ ಹೆಂಡತಿ ಮಕ್ಕಳನ್ನೇ ಇಟ್ಟು ತೋರ್ಸಿ, ಲಿಂಗರಾಜ್‌ಭಾಯ್.” ಮೂರನೇ ದಿನಕ್ಕೆ ಟೆಂಪೋ ಬಂದು ನಿಂತಿತು. ಅಂತೂ ಅರಮನೆ ಸಿಕ್ಕಿತೆಂದು ಮಂದಾಕಿನಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಹಾಲು ಉಕ್ಕಿಸಿದಳು. ಎಷ್ಟು ದಡ್ಡಿಯಾಗಿದ್ದೆ ಎಂದು ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಎರಡು ವರ್ಷದ ಅಮೋಘ್ ಚಾಪೆಯ ಮೇಲೆ ಮಲಗಿದ್ದ. ಹೊರಗೆ ಮಳೆ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗೂ ಹೊಡೆಯತೊಡಗಿತು. ಹನಿ ನೇರ ಮಗುವಿನ ಹಣೆಯ ಮೇಲೆ ಬಿದ್ದು, ಅದು ಕಿರುಚಿಕೊಂಡು ಎದ್ದಿತು. ಪಕ್ಕದ ಮನೆಯಲ್ಲಿ ಕೆಲಸ ಮಾಡಿಸುತ್ತಿದ್ದ ಲಿಂಗರಾಜ ಓಡಿ ಬಂದ. ಮಗುವನ್ನು ಎತ್ತಿಕೊಳ್ಳುತ್ತಾನೆಂದು ಮಂದಾಕಿನಿ ಕೈ ಮುಂದೆ ಮಾಡಿದಳು. ಅವನು ಅವಳನ್ನು ದಾಟಿ ಸ್ಟೂಲು ಎಳೆದುಕೊಂಡು ಹತ್ತಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಛಾವಣಿಯಲ್ಲಿ ಒದ್ದೆಯಾದ ಜಾಗಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ತಾರೀಖು ಬರೆದ. ಕೆಳಗೆ ಮಗು ಅಳುತ್ತಿತ್ತು, ಮೇಲೆ ಇವನು ತಲೆ ಓರೆ ಮಾಡಿ ತನ್ನ ಸುತ್ತು ಸರಿಯಾಗಿ ದುಂಡಗಿದೆಯೇ ಎಂದು ನೋಡುತ್ತಿದ್ದ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಛಾವಣಿಯ ಮೇಲೆ ಹದಿನೇಳು ಸುತ್ತುಗಳಾದವು. ಒಂದೊಂದನ್ನೇ ಕೆತ್ತಿಸಿ, ಮೇಲಿನಿಂದ ಒಡೆಸಿ, ಸರಿ ಮಾಡಿಸಿ, ಉಳಿದ ಐದು ಮನೆಗಳಲ್ಲೂ ಅದೇ ಜಾಗಗಳನ್ನು ರಿಪೇರಿ ಮಾಡಿಸಿದ. ಮುಂದಿನ ಮಳೆಗಾಲಕ್ಕೆ ಹನಿಯಿಲ್ಲ. ಸುದ್ದಿ ಹಬ್ಬಿತು. ನವರಾತ್ರಿಯೊಳಗೆ ಆರೂ ಮನೆಗೆ ಬುಕಿಂಗ್ ಆಯಿತು, ಅವರು ಕೂತಿದ್ದ ಮನೆಯೂ ಸೇರಿ. ಅದನ್ನೇ ಎಲ್ಲರೂ ಕೇಳಿದರು, ಏಕೆಂದರೆ ಅದರಲ್ಲಿ ಬಿಲ್ಡರನ ಸಂಸಾರ ಇತ್ತು. ಮಂದಾಕಿನಿ ಹಾಲು ಉಕ್ಕಿಸಿದ ಒಲೆಕಟ್ಟೆಯ ಮೇಲೆ ಬೇರೆ ಯಾರೋ ಹಾಲು ಉಕ್ಕಿಸಿದರು.

ಅಲ್ಲಿಂದ ಅದು ಪದ್ಧತಿಯಾಯಿತು. ಒಂದು ಮಳೆಗಾಲ ಸೋರುವುದಕ್ಕೆ, ಇನ್ನೊಂದು ಸೋರುವುದಿಲ್ಲ ಎಂದು ತೋರಿಸುವುದಕ್ಕೆ. ಮೂರನೆಯದರ ಹೊತ್ತಿಗೆ ಬಾಗಿಲಿಗೆ ಟೆಂಪೋ, ಮುಂದಿನ ಕಟ್ಟಡ ತಡವಾದರೆ ನಾಲ್ಕನೆಯದಕ್ಕೆ. ಮಂಜಲ್‌ಪುರದಲ್ಲಿ ನಾಲ್ಕು, ಸೂರತ್ತಿನಲ್ಲಿ ಮೂರು, ಅಹಮದಾಬಾದಿನಲ್ಲಿ ಮೂರು, ತಿರುಗಿ ಮಂಜಲ್‌ಪುರದಲ್ಲಿ ಒಂದು. ಸಾಲುಮನೆ ಹೋಗಿ ಫ್ಲ್ಯಾಟುಗಳು ಬಂದ ಮೇಲೆ ಇವರಿಗೆ ಯಾವಾಗಲೂ ಕೊನೆಯ ಮಹಡಿ, ಸೋರುವುದಾದರೆ ಅಲ್ಲೇ ತಾನೇ ಸೋರಬೇಕು. ಮೇ ತಿಂಗಳಲ್ಲಿ ಬೇಯುವುದು, ಜುಲೈಯಲ್ಲಿ ನೆನೆಯುವುದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಿಲಾವು ಕೆಡುತ್ತದೆ. ದೇವರ ಫೋಟೊಗಳು ಮೂವತ್ತು ವರ್ಷ ನೆಲದ ಮೇಲೆಯೇ ಗೋಡೆಗೆ ಒರಗಿ ನಿಂತಿದ್ದವು. ಬಸವಣ್ಣನನ್ನೂ ಬಾಡಿಗೆದಾರನ ಹಾಗೆ ಇಟ್ಟ ಭಕ್ತ ಇವನೊಬ್ಬನೇ ಇರಬೇಕು ಎಂದು ಅವಳು ಹೇಳುತ್ತಿದ್ದಳು. ಲಿಂಗರಾಜನಿಗೆ ಅದು ತಮಾಷೆ ಎನಿಸಿ ನಗುತ್ತಿದ್ದ.

ಗಿರಾಕಿಗಳು ಬಂದಾಗಿನ ಸಡಗರ ನೋಡಬೇಕಿತ್ತು. ಮಕ್ಕಳಿಬ್ಬರ ತಲೆ ಬಾಚಿ, ಪುಸ್ತಕ ಕೊಟ್ಟು ಕೂರಿಸಬೇಕು. ಚಹಾ ತಯಾರಿರಬೇಕು. ಬಂದವರು ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಬಚ್ಚಲಿಗೆ ಇಣುಕಿ, ಕೊನೆಗೆ ಇವಳನ್ನೂ ಮಕ್ಕಳನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಿದ್ದರು. “ಭಾಭಿಯನ್ನೇ ಕೇಳಿ,” ಎನ್ನುತ್ತಿದ್ದ ಲಿಂಗರಾಜ. ಅವಳು ಕಲಿತ ಮೊದಲ ಗುಜರಾತಿ ವಾಕ್ಯವೇ ಅದು: “ಏಕ್ ಟೀಪುಂ ಪಣ ನಹೀಂ.” ಒಂದು ಹನಿಯೂ ಇಲ್ಲ. ಎರಡನೇ ಮಳೆಗಾಲದಲ್ಲಿ ಕೇಳಿದವರಿಗೆ ಅದು ನಿಜವೇ. ಮೊದಲನೆಯದರಲ್ಲಿ ಎಲ್ಲಿಗೆ ಹೋಗಿತ್ತು ಆ ನೀರು ಎಂದು ಯಾವ ಪುಣ್ಯಾತ್ಮನೂ ಕೇಳಲಿಲ್ಲ.

ಮಗಳು ಕೃಪಾಳ ಎದೆಗೆ ಹೋಗಿತ್ತು. ಸೂರತ್ತಿನ ಎರಡನೇ ಮನೆಯಲ್ಲಿ ಹಿಡಿದ ಕೆಮ್ಮು ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ಈಗ ಅಹಮದಾಬಾದಿನ ಬ್ಯಾಂಕಿನಲ್ಲಿದ್ದಾಳೆ, ಚೀಲದಲ್ಲಿ ಔಷಧಿಯ ಪಂಪು ಇಟ್ಟುಕೊಳ್ಳದೆ ಹೊರಗೆ ಹೆಜ್ಜೆ ಇಡುವುದಿಲ್ಲ. ವೈದ್ಯರು ಸೀಲನ್, ಅಂದರೆ ತೇವ, ಹಿಡಿದ ಜಾಗದಲ್ಲಿ ಮಗುವನ್ನು ಮಲಗಿಸಬೇಡಿ ಎಂದಾಗ ಲಿಂಗರಾಜ ನಿಜವಾಗಿಯೂ ಗಾಬರಿಯಾಗಿದ್ದ. ಅವತ್ತೇ ಹಾಸಿಗೆಗಳನ್ನು ಅದಲುಬದಲು ಮಾಡಿ, ಮಗಳನ್ನು ಒಣಗಿದ ಮೂಲೆಗೆ, ತನ್ನನ್ನು ಹಸಿ ಮೂಲೆಗೆ ಹಾಕಿಕೊಂಡ. ಅಷ್ಟನ್ನು ಅವನಿಗೆ ಕೊಡಬೇಕು. ಅಲ್ಲಿಂದ ಮುಂದಿನ ಎಲ್ಲ ಮನೆಯಲ್ಲೂ ಅತಿ ಹೆಚ್ಚು ಸೋರುವ ಜಾಗ ಅವನದೇ. ಆದರೆ ಎಲ್ಲರನ್ನೂ ಎತ್ತಿಕೊಂಡು ಒಣಗಿದ ಮನೆಗೆ ಹೋಗೋಣ ಎಂಬ ಯೋಚನೆ ಆ ತಲೆಗೆ ಹೊಳೆಯಲಿಲ್ಲ. ಎದೆಯ ತುಂಬ ಪ್ರೀತಿ ಇಟ್ಟುಕೊಂಡು ಸೋರುವ ಸ್ಲ್ಯಾಬಿನ ಕೆಳಗೆ ಮಲಗಿಸುವವನನ್ನು ಏನೆಂದು ಕರೆಯಬೇಕೋ ಮಂದಾಕಿನಿಗೆ ಇನ್ನೂ ತಿಳಿದಿಲ್ಲ. ಜನಾರ್ದನರಿಗೆ ತಿಳಿದಿತ್ತು, ಕುಟುಂಬವತ್ಸಲ.

ಮಗ ಅಮೋಘ್ ಇನ್ನೂ ಜಾಣ. ಅಪ್ಪನ ಜೊತೆ ಕೆಲಸಕ್ಕೆ ಸೇರಿದ, ಅಪ್ಪನ ಹೆಸರಿನಲ್ಲಿ ಗಿರಾಕಿ ಹಿಡಿದ, ಮನೆ ಮಾತ್ರ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಬೇರೆ ಬಿಲ್ಡರ್ ಕಟ್ಟಿದ ಫ್ಲ್ಯಾಟಿನಲ್ಲಿ ಕೊಂಡ. ಅದೂ ಮೂರನೇ ಮಹಡಿ, ಮೇಲೆ ಇನ್ನೂ ಏಳು ಮಹಡಿಯ ರಕ್ಷಣೆ. “ನಂಗೆ ಸೀಲನ್ ಸೂಟ್ ಆಗಲ್ಲ,” ಎಂದು ತಾಯಿಗೇ ಹೇಳಿದ್ದ. ಹೆಂಡತಿ ದಿವ್ಯಾ ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದವಳು, ಕೇಂದ್ರ ಸರ್ಕಾರದ ನೌಕರಿಗೆಂದು ಧಾರವಾಡದಿಂದ ಬಂದವರ ಮಗಳು. ಒಳ್ಳೆಯ ಹುಡುಗಿ. ಹುಟ್ಟಿದಾಗಿನಿಂದ ತಲೆಯ ಮೇಲೆ ಒಣ ಛಾವಣಿ ಇದ್ದವರಿಗೆ ಇರುವ ನಿಶ್ಚಿಂತೆ ಅವಳ ಮುಖದಲ್ಲಿತ್ತು, ಅದನ್ನು ಕಂಡರೆ ಮಂದಾಕಿನಿಗೆ ಸ್ವಲ್ಪ ಹೊಟ್ಟೆಯುರಿ. ಅವರಿಗೆ ನಾಲ್ಕು ವರ್ಷದ ಮಗ, ಮಂಥನ್.

ಈ ಹನ್ನೊಂದನೇ ಮನೆಗೆ ಬಂದು ಒಂದು ವರ್ಷಕ್ಕೆ ಲಿಂಗರಾಜನ ಶ್ವಾಸಕೋಶ ಕೈಕೊಟ್ಟಿತು. ವರ್ಷಗಟ್ಟಲೆ ಹಸಿ ಮೂಲೆಯಲ್ಲಿ ಮಲಗಿದ್ದಕ್ಕೆ ಶರೀರ ತನ್ನ ಲೆಕ್ಕ ಹೇಳಿತು. ಓಡಾಟ ನಿಂತಿತು, ಟೆಂಪೋ ಬರುವುದೂ ನಿಂತಿತು. ಹೀಗಾಗಿ ಒಂದೇ ಮನೆಯಲ್ಲಿ ಐದು ಮಳೆಗಾಲ. ಮೂರನೆಯ ಮಳೆಗಾಲ ಕಳೆದದ್ದೇ ಮಂದಾಕಿನಿ ಎದುರಿನ ಅಂಗಡಿಯಿಂದ ಸುತ್ತಿಗೆ ಮೊಳೆ ತಂದು, ಅವನು ನೋಡುತ್ತಿರುವಂತೆಯೇ ಗೋಡೆಗೆ ಬಡಿದಳು. ಅವನು ಮಂಚದ ಮೇಲಿನಿಂದ, “ಅಲ್ಲಿ ಬ್ಯಾಡ, ಒಳಗ ವಾಯರ್ ಐತಿ,” ಎಂದ. ಅಷ್ಟೇ. ಎರಡು ಅಂಗುಲ ಪಕ್ಕಕ್ಕೆ ಬಡಿದಳು.

ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲೂ ಅವನು ನೋಡಿದ್ದು ಛಾವಣಿಯನ್ನೇ. ಅವಳು ಕೈ ಹಿಡಿದುಕೊಂಡು ಕೂತಿದ್ದಳು. ಏನೋ ಹೇಳಬೇಕೆಂದು ತುಟಿ ಅಲ್ಲಾಡಿಸಿದ, ಅವಳು ಕಿವಿಕೊಟ್ಟಳು. ಮೂವತ್ತೆಂಟು ವರ್ಷದ ಮೇಲೆ ಈಗಲಾದರೂ ಒಂದು ಮಾತು ಬರುತ್ತದೆ ಎಂದು ಇನ್ನೂ ಹತ್ತಿರ ಬಾಗಿದಳು. “ಮ್ಯಾಲಿನ ಬಾತ್‌ರೂಮ್ ಸೋರತೈತಿ ನೋಡು,” ಎಂದ. ಮರುದಿನ ಹೋಗಿಬಿಟ್ಟ.

ಭಾನುವಾರ ನುಡಿನಮನಕ್ಕೆ ಸಭಾಭವನ ತುಂಬಿತ್ತು. ಕನ್ನಡದವರು ಅರ್ಧ, ಅವನಿಂದ ಮನೆ ಕೊಂಡ ಗುಜರಾತಿಗಳು ಅರ್ಧ. ಬ್ಯಾನರಿನ ಮೇಲೆ ಲಿಂಗರಾಜ ತನ್ನ ಜನ್ಮದಲ್ಲಿ ಎಂದೂ ನಗದ ಹಾಗೆ ನಗುತ್ತಿದ್ದ, ಯಾರೋ ಕಂಪ್ಯೂಟರಿನಲ್ಲಿ ಬಾಯಿ ಅಗಲಿಸಿದ್ದರು. ಮೂಲೆಯಲ್ಲಿ ಹಜೀರಾ ರಸ್ತೆಯ ಹೊಸ ಕಟ್ಟಡದ ಚಿತ್ರ, ಕೆಳಗೆ ಬುಕಿಂಗಿಗೆ ಅಮೋಘ್‌ನ ಫೋನ್ ನಂಬರು. ಅಪ್ಪನ ಶ್ರದ್ಧಾಂಜಲಿಯಲ್ಲೂ ಅಂಗಡಿ ತೆರೆದಿದ್ದಾನಲ್ಲ ಎಂದು ಮಂದಾಕಿನಿಯ ಮೈ ಉರಿದುಹೋಯಿತು.

ಮೊದಲು ಮಾತಾಡಿದವಳು ಕಮಲಾಕ್ಷಿ, ರೈಲ್ವೆಯಲ್ಲಿದ್ದ ಕಾರವಾರದವರ ಹೆಂಡತಿ, ಲಿಂಗರಾಜನ ಎರಡನೇ ಮನೆ ಕೊಂಡವಳು. “ಇಪ್ಪತ್ತೇಳು ವರ್ಷ ಆಯ್ತು, ಒಂದು ಹನಿ ಸೋರಿದ್ದಿಲ್ಲ. ಅವ್ರು ದೇವ್ರು!” ಎಂದು ಕಣ್ಣೊರೆಸಿಕೊಂಡಳು. ನಿಮಗಾಗಿ ಸೋರಬೇಕಾದದ್ದೆಲ್ಲ ನಮ್ಮ ಮೇಲೆಯೇ ಸೋರಿ ಮುಗಿದಿತ್ತಲ್ಲ ತಾಯಿ ಎಂದು ಮಂದಾಕಿನಿ ಮನಸ್ಸಿನಲ್ಲೇ ಅಂದುಕೊಂಡಳು. ಆಮೇಲೆ ಜನಾರ್ದನರು ತಮ್ಮ ಆರು ಪುಟವನ್ನೂ ಬಿಡದೆ ಓದಿದರು. ‘ಕುಟುಂಬವೇ ಅವರ ಉಸಿರಾಗಿತ್ತು’ ಎಂದಾಗ ಕೃಪಾ ಕೆಮ್ಮತೊಡಗಿ, ಪಂಪು ತೆಗೆದುಕೊಂಡು ಹೊರಗೆ ಹೋದಳು.

ಓದು ಸಾಗುತ್ತಿರುವಾಗ ಮಂದಾಕಿನಿ ಕತ್ತೆತ್ತಿ ಭವನದ ಛಾವಣಿ ನೋಡಿದಳು. ಯಾಕೆ ನೋಡಿದಳೋ, ಅಭ್ಯಾಸ. ವೇದಿಕೆಯ ಬಲಕ್ಕೆ ತೊಲೆ ಸೇರುವ ಕಡೆ ನೀರಿಳಿದ ಗುರುತು. ಗಂಡನಿಗೆ ತೋರಿಸಬೇಕೆಂದು ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿಯಲ್ಲಿ ಯಾರದೋ ಶಾಲು ಇತ್ತು. ಆ ಕ್ಷಣ ಅವಳಿಗೆ ಅವನು ಬೇಕೆನಿಸಿದ. ಬೈಯುವುದಕ್ಕಾದರೂ ಬೇಕೆನಿಸಿದ. ಅವನು ಸತ್ತ ದಿನ ಬಾರದ ಅಳು ಈಗ ಬಂತು.

ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಮೋಘ್ ಮೈಕಿನ ಮುಂದೆ ನಿಂತಿದ್ದ. ಅರ್ಧ ಗುಜರಾತಿ, ಅರ್ಧ ಇಂಗ್ಲಿಷು, ನಡುವೆ ಶಾಸ್ತ್ರಕ್ಕೆ ನಾಲ್ಕು ಕನ್ನಡದ ಮಾತು. ಪಪ್ಪನ ಪರಂಪರೆ ನಿಲ್ಲುವುದಿಲ್ಲ ಎಂದ. ಈ ಮಳೆಗಾಲ ಹಜೀರಾ ರಸ್ತೆಯ ಕಟ್ಟಡದಲ್ಲಿ ತಮ್ಮ ಕುಟುಂಬವೇ ಇರುತ್ತದೆ, ಪೂಜ್ಯ ಮಮ್ಮಿ ಅಲ್ಲಿ ವಾಸ ಮಾಡುತ್ತಾರೆ ಎಂದ. ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಮಕರ್‌ಪುರಾದ ಕಾರ್ಖಾನೆಯ ಗಿರಿಧರ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವಳ ಈಗಿನ ಮನೆಗೆ ಸಿಕ್ಕಿದ್ದ ಪಾರ್ಟಿ ಅವನೇ.

ಮಂದಾಕಿನಿ ಎದ್ದು ನಿಂತಳು. ಜನಾರ್ದನರು, “ತಾಯಿಯವರು ಎರಡು ಮಾತು,” ಎಂದು ಸಂಭ್ರಮದಿಂದ ಮೈಕು ತಗ್ಗಿಸಿಕೊಟ್ಟರು.

“ನಾ ಭಾಷಣ ಮಾಡಾಕಿ ಅಲ್ಲ,” ಎಂದಳು. “ಒಂದು ಮಾತು ತಿದ್ದಬೇಕಾಗೈತಿ, ಅದಕ್ಕ ಬಂದೀನಿ. ಇವರು ಹನ್ನೊಂದು ಮನ್ಯಾಗ ಯಾರನ್ನ ಮಲಗಿಸಿದ್ರು? ಅವರ ಅವ್ವನ್ನ ಅಲ್ಲ. ಅತ್ತಿ ಸಾಯೂತನಕ ಊರಾಗ, ಒಣಗಿದ ಮನ್ಯಾಗ ಇದ್ಲು. ಇವರು ಮಲಗಿಸಿದ್ದು ಹೆಂಡ್ತಿ ಮಕ್ಕಳನ್ನ. ಜೊತಿಗೆ ತಾವೂ ಮಲಗ್ತಿದ್ರು, ಎಲ್ಲಿ ಹೆಚ್ಚು ಸೋರತೈತಿ ಅಲ್ಲೇ. ಅದು ಇವರ ಪದ್ಧತಿ. ಅದನ್ನ ನೋಡೇ ನೀವೆಲ್ಲಾ ಮನಿ ತಗೊಂಡ್ರಿ. ಹೌದಿಲ್ಲೋ?”

ಹೌದು ಎಂದು ಒಂದಿಬ್ಬರು ಗೋಣು ಹಾಕಿದರು. ಅವಳು ಅದನ್ನೇ ಗುಜರಾತಿಯಲ್ಲಿ ಇನ್ನೊಮ್ಮೆ ಹೇಳಿದಳು. ಮೂವತ್ತು ವರ್ಷ ಗಿರಾಕಿಗಳೆದುರು ಪಳಗಿದ ನಾಲಿಗೆ, ಎಲ್ಲಿಯೂ ತಡವರಿಸಲಿಲ್ಲ.

“ಹಂಗಾರ ಪದ್ಧತಿ ಮುಂದುವರಸಾಂವ ಅಮೋಘ. ದಿವ್ಯಾನ್ನ, ಮಂಥನ್‌ನ ಕರಕೊಂಡು ಈ ಜೂನಿಗೆ ಆ ಮನಿಗೆ ಹೋಗ್ತಾನ. ಬಿಲ್ಡರ್ ಅಂವ, ನಾ ಅಲ್ಲ. ಮುದುಕಿನ್ನ ಕುಂಡ್ರಿಸಿ ಮನಿ ಮಾರಿದ್ರ ಇವರ ಹೆಸರಿಗೆ ಕಳಂಕ. ಇನ್ನ ಗಿರಿಧರ ಅವರ, ನಮ್ಮ ಕಟ್ಟಡದಾಗ ನಾಕನೇ ಮಹಡಿದು ಖಾಲಿ ಐತಿ, ಅದನ್ನ ನೋಡ್ರಿ. ನಾ ಇರೂ ಮನಿ ಮಾರಾಟಕ್ಕಿಲ್ಲ. ನನ್ನ ಸಹಿ ಇಲ್ಲದ ಅದು ಆಗಂಗೂ ಇಲ್ಲ.”

ಹಿಂದಿನ ಸಾಲಿನಿಂದ ಒಬ್ಬ ಮುದುಕ ಗುಜರಾತಿ ಕೈಯೆತ್ತಿ, “ಆ ಥೈ ವಾತ್, ಭಾಭಿ!” ಎಂದು ಕೂಗಿದ. ಇದಪ್ಪಾ ಮಾತು ಅಂದರೆ! ಮೊದಲಿಗಿಂತ ಎರಡು ಪಟ್ಟು ಚಪ್ಪಾಳೆ. ಇಬ್ಬರು ಅಲ್ಲೇ ಅಮೋಘ್‌ನ ಕೈಕುಲುಕಿ, ಯಾವತ್ತು ಗೃಹಪ್ರವೇಶ ಎಂದು ಕೇಳಿದರು. ಅವನು ಹಲ್ಲು ಕಿರಿಯುತ್ತಾ ಜೂನ್ ಮೊದಲ ವಾರ ಎನ್ನಬೇಕಾಯಿತು. ದಿವ್ಯಾ ಮಂಥನ್‌ನನ್ನು ತೊಡೆಯ ಮೇಲೆ ಎಳೆದುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು. ಮಂದಾಕಿನಿ ಆ ಕಡೆ ತಿರುಗಲಿಲ್ಲ. ಅವಳಿಗೆ ಗೆದ್ದ ಅಮಲು ಏರಿತ್ತು. ಮನೆಗೆ ಬಂದು, ತನ್ನ ಮನೆಗೆ ಬಂದು, ಹಸಿವಿಲ್ಲದಿದ್ದರೂ ಎರಡು ರೊಟ್ಟಿ ಬಡಿದುಕೊಂಡು ತಿಂದಳು.

ಜೂನ್ ಮೂರನೇ ವಾರ ಸೂರತ್ತಿಗೆ ಮಳೆ ಬಂತು. ಮಧ್ಯಾಹ್ನ ಮೂರರ ಸುಮಾರಿಗೆ ದಿವ್ಯಾಳ ಫೋನು.

“ಅತ್ತೆ, ಪಾನಿ... ನೀರು ಬರ್ತಾ ಇದೆ. ಬೆಡ್‌ರೂಮ್‌ನಲ್ಲಿ ಮೂರು ಜಗಾ. ಅಮೋಘ್ ಮೇಲೆ ನಿಂತು ಮಾರ್ಕ್ ಮಾಡ್ತಾ ಇದ್ದಾರೆ. ನಾನು ಏನ್ ಮಾಡಬೇಕು?”

ಸುಳ್ಳು ಯಾಕೆ, ಮಂದಾಕಿನಿಗೆ ಮೊದಲು ಖುಷಿಯೇ ಆಯಿತು. ಈಗ ಗೊತ್ತಾಗಲಿ ಎಂದುಕೊಂಡಳು. ಮೂರೇ ಜಾಗವೇ, ನಾನು ಹದಿನೇಳು ಕಂಡವಳು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆ ಮಂಥನ್ ಕೆಮ್ಮಿದ. ಒಂದು ಸಲವಲ್ಲ, ನಾಲ್ಕೈದು ಸಲ, ಎದೆಯ ತಳದಿಂದ. ಆ ಕೆಮ್ಮನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಹತ್ತು ವರ್ಷ ಅದನ್ನು ಕೇಳುತ್ತಾ ಮಗಳ ಬೆನ್ನು ತಿಕ್ಕಿದ್ದಳು.

“ಯಾವಾಗಿಂದ ಕೆಮ್ಮಾಕತ್ಯಾನ?”

“ನಾಲ್ಕು ದಿನ ಆಯ್ತು. ಹೊಸ ಪ್ಲಾಸ್ಟರ್ ವಾಸನೆ ಅಂತ ಅಮೋಘ್ ಹೇಳ್ತಾರೆ.”

ಗಂಡನನ್ನು ಅಷ್ಟು ವರ್ಷ ಜರಿದವಳು ತಾನು ಮಾಡಿದ್ದೇನು? ತನ್ನ ಮನೆ ಉಳಿಸಿಕೊಳ್ಳಲು ಬೇರೊಬ್ಬಳನ್ನು, ಅವಳ ಕೂಸನ್ನು, ಆ ಸ್ಲ್ಯಾಬಿನ ಕೆಳಗೆ ದೂಡಿದ್ದಳು, ಅದೂ ನೂರು ಜನರಿಂದ ಚಪ್ಪಾಳೆ ಹೊಡೆಸಿಕೊಂಡು. ಮಾತಿನಲ್ಲಿ ಮಗನನ್ನು ಕಟ್ಟಿಹಾಕಿದೆ ಎಂದು ಬೀಗಿದ್ದಳು. ನೆನೆಯುತ್ತಿದ್ದದ್ದು ಮಗನಲ್ಲ. ಅವನು ಸ್ಟೂಲಿನ ಮೇಲೆ ನಿಂತಿದ್ದ. ಹಿಂದೆಯೂ ಹೀಗೆಯೇ ಒಬ್ಬಳು ಹೆಂಗಸು, ಒಂದು ಮಗು, ಏನು ಮಾಡಬೇಕೆಂದು ಕೇಳಲು ಅವಳಿಗೆ ಯಾರೂ ಇರಲಿಲ್ಲ.

“ದಿವ್ಯಾ, ಇಲ್ಲೆ ಕೇಳು. ಹುಡುಗನ ಅರಿವಿ ಚೀಲಕ್ಕ ತುಂಬು. ಐದರ ಗಾಡಿಗೆ ಇಲ್ಲಿಗೆ ಬಾ. ಇಲ್ಲಿ ಒಣಗೇತಿ.”

“ಎಷ್ಟು ದಿನಕ್ಕೆ, ಅತ್ತೆ?”

“ದಿನಾ ಎಣಸಬ್ಯಾಡ. ನಿನ್ನ ಮನಿ ಅಂತ ಬಾ.”

ಆ ಕಡೆ ಫೋನು ಕೈ ಬದಲಾಯಿತು. ಸ್ಟೂಲಿನಿಂದ ಇಳಿದು ಬಂದಿದ್ದ ಅಮೋಘ್ ಏದುಸಿರು ಬಿಡುತ್ತಿದ್ದ. “ಮಮ್ಮಿ, ಹೀಗೆ ಹೇಗೆ ಆಗ್ತದೆ? ನಾಳೆ ಮೂರು ಪಾರ್ಟಿ ನೋಡಕ್ಕೆ ಬರ್ತಾರೆ. ಎಲ್ಲರೂ ‘ಫ್ಯಾಮಿಲಿ ಕಹಾಂ ಹೈ’ ಅಂತ ಕೇಳ್ತಾರೆ. ನಾನು ಏನ್ ಹೇಳಲಿ?”

“ಇದ್ದದ್ದ ಹೇಳು,” ಎಂದಳು ಮಂದಾಕಿನಿ. “ಫ್ಯಾಮಿಲಿ ಮನಿಗೆ ಹೋಗೇತಿ ಅಂತ ಹೇಳು.”